ಗೇಟ್ ಮಾತು ಕೇಳದ ಚಾನೆಲ್: ಆಕ್ಸೈಡ್ ಟ್ರಾನ್ಸಿಸ್ಟರ್ ಬಗ್ಗೆ ಓದುಗರ ಪ್ರಶ್ನೆಗಳು

ಆಕ್ಸೈಡ್ ತೆಳುಪದರ ಟ್ರಾನ್ಸಿಸ್ಟರ್‌ಗಳ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಮೊಬಿಲಿಟಿ ಹೆಚ್ಚಿಸುವುದು ಹೇಗೆ?’ ಎಂದೇ ಶುರುವಾಗುತ್ತವೆ. ಮೊಬಿಲಿಟಿ ಎಂದರೆ ಎಲೆಕ್ಟ್ರಾನ್‌ಗಳು ಎಷ್ಟು ಸಲೀಸಾಗಿ ಓಡುತ್ತವೆ ಎಂಬುದರ ಅಳತೆ. ಜೊತೆಗೆ ಕಳಿಸಿದ ಗ್ರಾಫ್ ನೋಡಿದರೆ ತೊಂದರೆ ಬೇರೆ ಕಡೆ ಇರುತ್ತದೆ. ಪದರದಲ್ಲಿ ಆಮ್ಲಜನಕ ಕಡಿಮೆಯಾಗಿರುತ್ತದೆ, ಬೇಡದ ಜಲಜನಕ ಸೇರಿರುತ್ತದೆ, ಇಲ್ಲವೇ ಅಳತೆಯೇ ತಪ್ಪಿರುತ್ತದೆ. ಆದ್ದರಿಂದ ಈ ಸಲ ಹೆಚ್ಚಾಗಿ ಆ ಮೂರರ ಸುತ್ತಲಿನ ಪ್ರಶ್ನೆಗಳನ್ನೇ ಆರಿಸಿದ್ದೇವೆ. ಇಂಡಿಯಂ-ಗ್ಯಾಲಿಯಂ-ಜಿಂಕ್ ಆಕ್ಸೈಡನ್ನು ಪ್ರಯೋಗಾಲಯಗಳಲ್ಲಿ ಕರೆಯುವಂತೆ ಇಗ್ಜೋ ಎಂದೇ ಬರೆದಿದ್ದೇವೆ. ಮೊಬಿಲಿಟಿಯ ಅಂಕಿಗಳೆಲ್ಲ ಚದರ ಸೆಂ.ಮೀ./ವೋಲ್ಟ್-ಸೆಕೆಂಡ್ ಲೆಕ್ಕದಲ್ಲಿವೆ. ಟ್ರಾನ್ಸಿಸ್ಟರ್‌ನಲ್ಲಿ ಕರೆಂಟ್ ಹರಿಯುವ ಪದರ ಚಾನೆಲ್, ಆ ಕರೆಂಟನ್ನು ಅಳೆಯುವ ತುದಿ ಡ್ರೇನ್, ಅದನ್ನು ಆನ್-ಆಫ್ ಮಾಡುವುದು ಗೇಟ್, ಆನ್ ಆಗಲು ಬೇಕಾದ ಗೇಟ್ ವೋಲ್ಟೇಜ್ ಥ್ರೆಶೋಲ್ಡ್.

ಪ್ರಶ್ನೆ: ಹೆಚ್ಚು ಡೋಪ್ ಮಾಡಿದ ಸಿಲಿಕಾನ್ ವೇಫರ್ ಮೇಲೆ 100 ನ್ಯಾನೋಮೀಟರ್ ಸಿಲಿಕಾನ್ ಡೈಆಕ್ಸೈಡ್ ಇದೆ. ಅದರ ಮೇಲೆ ಬರೀ ಆರ್ಗಾನ್‌ನಲ್ಲಿ ಸ್ಪಟರ್ ಮಾಡಿದ (ಟಾರ್ಗೆಟ್ ಎಂಬ ಮೂಲ ಬಿಲ್ಲೆಯನ್ನು ಅಯಾನುಗಳಿಂದ ಹೊಡೆದು ಪದರ ಕೂರಿಸಿದ) 50 ನ್ಯಾನೋಮೀಟರ್ ಇಗ್ಜೋ ಇದೆ. ಅನೀಲ್ ಮಾಡಿಲ್ಲ, ಅಂದರೆ ಆಮೇಲೆ ಕಾಯಿಸಿಲ್ಲ. ಗೇಟ್‌ಗೆ ಮೈನಸ್ 40 ವೋಲ್ಟ್ ಕೊಟ್ಟರೂ ಡ್ರೇನ್ ಕರೆಂಟ್ ಇಳಿಯುವುದಿಲ್ಲ. ಎಲ್ಲಿ ತಪ್ಪಾಗಿದೆ?

ಉತ್ತರ: ಮೊದಲು ಗೇಟ್ ಕರೆಂಟನ್ನೂ ಅದೇ ಗ್ರಾಫಿನಲ್ಲಿ ಹಾಕಿ ನೋಡಿ. ಅದು ಡ್ರೇನ್ ಕರೆಂಟಿನ ಹತ್ತಿರ ಹತ್ತಿರ ಇದ್ದರೆ ಸೋರುತ್ತಿರುವುದು ಗೇಟ್ ಆಕ್ಸೈಡ್. ಆಗ ಇಗ್ಜೋವನ್ನು ದೂರಿ ಪ್ರಯೋಜನವಿಲ್ಲ. ಗೇಟ್ ಕರೆಂಟ್ ಸಣ್ಣದಿದ್ದರೆ ಚಾನೆಲ್‌ನಲ್ಲಿ ಎಲೆಕ್ಟ್ರಾನ್‌ಗಳು ಅತಿಯಾಗಿವೆ ಎಂದರ್ಥ. ಎಷ್ಟು ಅತಿ ಎಂಬುದನ್ನು ಒಂದು ಸ್ಥೂಲ ಲೆಕ್ಕದಿಂದ ತಿಳಿಯಬಹುದು. 100 ನ್ಯಾನೋಮೀಟರ್ ಸಿಲಿಕಾನ್ ಡೈಆಕ್ಸೈಡ್‌ನ ಕೆಪಾಸಿಟೆನ್ಸ್ ಚದರ ಸೆಂ.ಮೀ.ಗೆ 34.5 ನ್ಯಾನೋಫ್ಯಾರಡ್. 40 ವೋಲ್ಟ್‌ನಿಂದ ಅದು ಹೊರದೂಡಬಲ್ಲ ಎಲೆಕ್ಟ್ರಾನ್‌ಗಳು ಚದರ ಸೆಂ.ಮೀ.ಗೆ ಸುಮಾರು 8.6×10¹². ಇದನ್ನು 50 ನ್ಯಾನೋಮೀಟರ್ ದಪ್ಪಕ್ಕೆ ಹಂಚಿದರೆ ಘನ ಸೆಂ.ಮೀ.ಗೆ 1.7×10¹⁸ ಆಗುತ್ತದೆ. ನಿಮ್ಮ ಪದರದಲ್ಲಿ ಅದಕ್ಕಿಂತ ಹೆಚ್ಚು ಎಲೆಕ್ಟ್ರಾನ್‌ಗಳಿದ್ದರೆ ಮೈನಸ್ 40 ವೋಲ್ಟ್‌ನಲ್ಲಿ ಅದು ಆಫ್ ಆಗುವುದು ಸಾಧ್ಯವೇ ಇಲ್ಲ. ಅದೇ ಪದರ 20 ನ್ಯಾನೋಮೀಟರ್ ಇದ್ದಿದ್ದರೆ ಮಿತಿ 4.3×10¹⁸ಕ್ಕೆ ಏರುತ್ತಿತ್ತು. ಹೀಗಾಗಿ ದಪ್ಪವನ್ನು 20ರಿಂದ 30 ನ್ಯಾನೋಮೀಟರ್‌ಗೆ ಇಳಿಸುವುದು ಎಲ್ಲಕ್ಕಿಂತ ಸುಲಭದ ಮೊದಲ ಹೆಜ್ಜೆ. ಆದರೆ ಅಷ್ಟಕ್ಕೇ ನಿಂತರೆ ರೋಗ ಹಾಗೇ ಉಳಿಯುತ್ತದೆ. ಒಳ್ಳೆಯ ಟ್ರಾನ್ಸಿಸ್ಟರ್‌ಗೆ ಎಲೆಕ್ಟ್ರಾನ್ ಸಾಂದ್ರತೆ 10¹⁷ರ ಆಸುಪಾಸು ಅಥವಾ ಅದಕ್ಕೂ ಕೆಳಗೆ ಬರಬೇಕು.

ಈ ಎಲೆಕ್ಟ್ರಾನ್‌ಗಳು ಬರುವುದು ಎರಡು ಕಡೆಯಿಂದ. ಒಂದು ಆಮ್ಲಜನಕದ ಕೊರತೆ. ಬರೀ ಆರ್ಗಾನ್‌ನಲ್ಲಿ ಸ್ಪಟರ್ ಮಾಡಿದಾಗ ಟಾರ್ಗೆಟ್‌ನಲ್ಲಿರುವ ಆಮ್ಲಜನಕ ಪೂರ್ತಿಯಾಗಿ ವೇಫರ್ ಮುಟ್ಟುವುದಿಲ್ಲ, ಒಂದಿಷ್ಟು ಪಂಪ್ ಪಾಲಾಗುತ್ತದೆ. ಇನ್ನೊಂದು ಜಲಜನಕ. ಇದನ್ನು ಬಹಳ ಜನ ಮರೆಯುತ್ತಾರೆ. ಚೇಂಬರ್ ಗೋಡೆಗೆ ಅಂಟಿದ ನೀರಿನಂಶ ಪ್ಲಾಸ್ಮಾದಲ್ಲಿ ಒಡೆದು ಪದರಕ್ಕೆ ಸೇರುತ್ತದೆ. ಅಲ್ಲಿ ಜಲಜನಕವು ಆಮ್ಲಜನಕಕ್ಕೆ ಅಂಟಿಕೊಂಡು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಚೇಂಬರ್ ತೆರೆದ ದಿನವೇ ಸ್ಪಟರ್ ಮಾಡಿದ ಪದರಕ್ಕೂ ಎರಡು ದಿನ ಪಂಪ್ ಮಾಡಿದ ಮೇಲಿನ ಪದರಕ್ಕೂ ಇರುವ ವ್ಯತ್ಯಾಸಕ್ಕೆ ಇದೇ ಕಾರಣ.

ಮಾಡಬೇಕಾದ್ದು ಇಷ್ಟು. ಸ್ಪಟರ್‌ಗೆ ಮೊದಲು ಒತ್ತಡ 10⁻⁴ ಪ್ಯಾಸ್ಕಲ್‌ಗಿಂತ ಕೆಳಗಿಳಿಯುವ ತನಕ ಕಾಯಿರಿ. ಶಟರ್ ಮುಚ್ಚಿಟ್ಟು 10–15 ನಿಮಿಷ ಟಾರ್ಗೆಟನ್ನು ಸ್ಪಟರ್ ಮಾಡಿ, ಮೇಲ್ಮೈ ತೆಗೆಯಿರಿ. ಕೆಲಸದ ಒತ್ತಡ 0.5 ಪ್ಯಾಸ್ಕಲ್ ಸುತ್ತ ಇರಲಿ. ಆರ್ಗಾನ್ ಜೊತೆ ಆಮ್ಲಜನಕವನ್ನು ಶೇ. 2, 4, 6, 10 ಎಂದು ಬದಲಿಸಿ ನಾಲ್ಕು ವೇಫರ್ ತುಂಡುಗಳ ಮೇಲೆ ಪದರ ಹಾಕಿ, ಉಳಿದ ಯಾವುದನ್ನೂ ಬದಲಿಸಬೇಡಿ. ನಂತರ ನಾಲ್ಕನ್ನೂ ಒಟ್ಟಿಗೆ ಗಾಳಿಯಲ್ಲಿ 300–350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಅನೀಲ್ ಮಾಡಿ. ತಾಪ ಏರಿಕೆ ನಿಮಿಷಕ್ಕೆ 5 ಡಿಗ್ರಿ ಸಾಕು. ಫರ್ನೇಸ್ 100 ಡಿಗ್ರಿಗಿಂತ ಕೆಳಗೆ ತಾನಾಗಿ ತಣಿದ ಮೇಲೆ ಹೊರತೆಗೆಯಿರಿ. ಅನೀಲಿಂಗ್ ಇಲ್ಲಿ ಐಚ್ಛಿಕವಲ್ಲ. ಸ್ಪಟರ್ ಮಾಡಿದಾಗ ಅಡ್ಡಾದಿಡ್ಡಿ ಕೂತ ಪರಮಾಣುಗಳು ನೆಲೆ ಸರಿಪಡಿಸಿಕೊಳ್ಳುವುದು ಈ ಹಂತದಲ್ಲಿಯೇ. ಅದು ಎಲೆಕ್ಟ್ರಾನ್ ಸಾಂದ್ರತೆಯನ್ನೂ ಟ್ರ್ಯಾಪ್‌ಗಳನ್ನೂ (ಎಲೆಕ್ಟ್ರಾನ್ ಹಿಡಿದಿಡುವ ದೋಷಗಳು) ಒಟ್ಟಿಗೆ ಹದಕ್ಕೆ ತರುತ್ತದೆ.

ಹಾಗೆಂದು ಆಮ್ಲಜನಕವನ್ನು ಸುರಿಯುತ್ತ ಹೋಗಬೇಡಿ. ಹೆಚ್ಚಾದರೆ ಆನ್ ಕರೆಂಟ್ ಕುಸಿಯುತ್ತದೆ, ಥ್ರೆಶೋಲ್ಡ್ ಪ್ಲಸ್ ಕಡೆಗೆ ಓಡುತ್ತದೆ, ಸಡಿಲವಾಗಿ ಅಂಟಿದ ಆಮ್ಲಜನಕ ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ಲಾಸ್ಮಾದ ಋಣ ಆಮ್ಲಜನಕ ಅಯಾನುಗಳು ವೇಗವಾಗಿ ಬಂದು ಬೆಳೆಯುತ್ತಿರುವ ಪದರವನ್ನು ಹೊಡೆಯುವುದೂ ಉಂಟು. ಇದರ ಗುರುತು ಸಬ್‌ಥ್ರೆಶೋಲ್ಡ್ ಸ್ವಿಂಗ್‌ನಲ್ಲಿ ಸಿಗುತ್ತದೆ. ಕೋಣೆಯ ತಾಪದಲ್ಲಿ ಅದರ ಆದರ್ಶ ಮಿತಿ ದಶಕಕ್ಕೆ 60 ಮಿಲಿವೋಲ್ಟ್, ಅಂದರೆ ಕರೆಂಟ್ ಹತ್ತು ಪಟ್ಟಾಗಲು ಬೇಕಾದ ಗೇಟ್ ವೋಲ್ಟೇಜ್. ನಿಮ್ಮ ಗೇಟ್ ಆಕ್ಸೈಡ್ ಮೇಲೆ ಅದು 0.5 ವೋಲ್ಟ್ ಬಂದರೆ ಟ್ರ್ಯಾಪ್ ಸಾಂದ್ರತೆ ಚದರ ಸೆಂ.ಮೀ.ಗೆ, ಪ್ರತಿ ಎಲೆಕ್ಟ್ರಾನ್‌ವೋಲ್ಟ್‌ಗೆ ಸುಮಾರು 1.6×10¹² ಇದೆ ಎಂದು ಲೆಕ್ಕ. ನಾಲ್ಕು ತುಂಡುಗಳಲ್ಲಿ ಮೊಬಿಲಿಟಿ ಅತಿ ಹೆಚ್ಚಿರುವುದನ್ನಲ್ಲ, ಸ್ವಿಂಗ್ ಅತಿ ಕಡಿಮೆ ಇರುವುದನ್ನು ಆರಿಸಿಕೊಳ್ಳಿ ಎಂಬುದು ನಮ್ಮ ಸಲಹೆ. ಮುಂದಿನ ಹಂತಗಳನ್ನು ತಾಳಿಕೊಳ್ಳುವುದು ಅದೇ.

ಪ್ರಶ್ನೆ: ದ್ರಾವಣದಿಂದ ಮಾಡಿದ ಅಲ್ಯೂಮಿನಾ ಡೈಎಲೆಕ್ಟ್ರಿಕ್ (ಗೇಟ್‌ನ ನಿರೋಧಕ ಪದರ) ಮೇಲೆ ಇಂಡಿಯಂ ಆಕ್ಸೈಡ್ ಲೇಪಿಸಿದೆವು. ಮೊಬಿಲಿಟಿ 60 ಬಂದಿದೆ. ಸಿಲಿಕಾನ್ ಡೈಆಕ್ಸೈಡ್ ಮೇಲೆ ಅದೇ ಪದರ 5 ಕೊಡುತ್ತದೆ. ಡೈಎಲೆಕ್ಟ್ರಿಕ್ ಬದಲಿಸಿದ್ದಕ್ಕೆ ಇಷ್ಟು ಸುಧಾರಣೆ ಆಗಬಹುದೇ?

ಉತ್ತರ: ಸ್ವಲ್ಪ ಸುಧಾರಣೆ ಆಗುತ್ತದೆ. ಗೇಟ್ ಹೆಚ್ಚು ಎಲೆಕ್ಟ್ರಾನ್‌ಗಳನ್ನು ಸೆಳೆದಾಗ ಟ್ರ್ಯಾಪ್‌ಗಳು ಮೊದಲೇ ತುಂಬಿ, ಉಳಿದವು ಸಲೀಸಾಗಿ ಓಡುತ್ತವೆ. ಆದರೆ ಹನ್ನೆರಡು ಪಟ್ಟು ಎಂದರೆ ಲೆಕ್ಕವನ್ನೇ ಮೊದಲು ಅನುಮಾನಿಸಬೇಕು.

ಮೊಬಿಲಿಟಿಯ ಸೂತ್ರದಲ್ಲಿ ಕೆಪಾಸಿಟೆನ್ಸ್ ಛೇದದಲ್ಲಿದೆ. ಕಡಿಮೆ ತಾಪದಲ್ಲಿ ಬೇಯಿಸಿದ ದ್ರಾವಣದ ಅಲ್ಯೂಮಿನಾದಲ್ಲಿ ಹೈಡ್ರಾಕ್ಸಿಲ್ ಗುಂಪುಗಳೂ ಚಲಿಸಬಲ್ಲ ಪ್ರೋಟಾನ್‌ಗಳೂ ಉಳಿದಿರುತ್ತವೆ. ಗೇಟ್ ವೋಲ್ಟೇಜ್ ನಿಧಾನವಾಗಿ ಬದಲಾದರೆ ಇವು ಸರಿದಾಡಿ ಕೆಪಾಸಿಟೆನ್ಸ್ ಹೆಚ್ಚಿಸುತ್ತವೆ, ವೇಗವಾಗಿ ಬದಲಾದರೆ ಅವಕ್ಕೆ ಸರಿಯಲು ಸಮಯವಿರುವುದಿಲ್ಲ. ಟ್ರಾನ್ಸಿಸ್ಟರ್ ಅಳೆಯುವುದು ನಿಧಾನವಾಗಿ, ಕೆಪಾಸಿಟೆನ್ಸ್ ಅಳೆಯುವುದು ಸಾಮಾನ್ಯವಾಗಿ 1 ಮೆಗಾಹರ್ಟ್ಜ್‌ನಲ್ಲಿ. ಉದಾಹರಣೆಗೆ 1 ಮೆಗಾಹರ್ಟ್ಜ್‌ನಲ್ಲಿ 150 ನ್ಯಾನೋಫ್ಯಾರಡ್, 20 ಹರ್ಟ್ಜ್‌ನಲ್ಲಿ 400 ಬಂದರೆ, ನೀವು 60 ಎಂದುಕೊಂಡದ್ದು ನಿಜವಾಗಿ 22.5. ಮೀಟರ್ ಎಷ್ಟು ಕೆಳಗಿನ ಆವೃತ್ತಿಗೆ ಹೋಗುತ್ತದೋ ಅಲ್ಲಿಯ ತನಕ ಅಳೆಯಿರಿ, ಸಾಧ್ಯವಾದರೆ ವೋಲ್ಟೇಜನ್ನು ತೀರಾ ನಿಧಾನವಾಗಿ ಬದಲಿಸುವ ಕ್ವಾಸಿ-ಸ್ಟ್ಯಾಟಿಕ್ ವಿಧಾನದಲ್ಲಿ ಅಳೆಯಿರಿ. ಕೆಪಾಸಿಟೆನ್ಸ್ ಗೆರೆ ಕೆಳ ಆವೃತ್ತಿಯಲ್ಲಿ ಮೇಲೇರುತ್ತಲೇ ಇದ್ದರೆ ಮೊಬಿಲಿಟಿಯನ್ನು ಒಂದೇ ಅಂಕಿಯಾಗಿ ಹೇಳುವುದೇ ಸರಿಯಲ್ಲ.

ಗೇಟನ್ನು ಮೇಲೇರಿಸಿ ಮತ್ತೆ ಇಳಿಸಿ, ಹಿಸ್ಟರೆಸಿಸ್ (ಏರುವ ಮತ್ತು ಇಳಿಯುವ ಗೆರೆಗಳ ನಡುವಿನ ಕುಣಿಕೆ) ದಿಕ್ಕು ನೋಡಿ. ಎನ್-ಟೈಪ್ (ಎಲೆಕ್ಟ್ರಾನ್‌ಗಳಿಂದ ಕರೆಂಟ್ ಹರಿಯುವ) ಚಾನೆಲ್‌ನಲ್ಲಿ ಕುಣಿಕೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಿದರೆ ಎಲೆಕ್ಟ್ರಾನ್‌ಗಳು ಟ್ರ್ಯಾಪ್‌ಗೆ ಬಿದ್ದಿವೆ. ವಿರುದ್ಧ ದಿಕ್ಕಿಗೆ ಸುತ್ತಿದರೆ ಡೈಎಲೆಕ್ಟ್ರಿಕ್ ಒಳಗೆ ಅಯಾನುಗಳೋ ನಿಧಾನ ಧ್ರುವೀಕರಣವೋ ಕೆಲಸ ಮಾಡುತ್ತಿದೆ.

ಇನ್ನೊಂದು ತಪ್ಪು ಇದಕ್ಕಿಂತ ಸರಳ. ಚಾನೆಲ್ ಪದರವನ್ನು ಪ್ಯಾಟರ್ನ್ ಮಾಡದೆ ಇಡೀ ವೇಫರ್ ಮೇಲೆ ಬಿಟ್ಟರೆ ಕರೆಂಟ್ ಎಲೆಕ್ಟ್ರೋಡ್‌ಗಳ ಬದಿಯಿಂದಲೂ ಬಳಸಿಕೊಂಡು ಹರಿಯುತ್ತದೆ. ಲೆಕ್ಕದಲ್ಲಿ ಹಾಕುವ ಅಗಲ ಮಾತ್ರ ಎಲೆಕ್ಟ್ರೋಡ್‌ನದೇ. ಅಗಲ ಮತ್ತು ಉದ್ದದ ಅನುಪಾತ 10ಕ್ಕಿಂತ ಕಡಿಮೆ ಇದ್ದರೆ ಈ ಉಬ್ಬರ ಜೋರು. ಶ್ಯಾಡೋ ಮಾಸ್ಕ್‌ನಿಂದಲಾದರೂ ಸರಿ, ಚಾನೆಲ್‌ಗೆ ಗಡಿ ಹಾಕಿ. ಗೇಟ್ ಸೋರಿಕೆಯೂ ಅದರಿಂದಲೇ ಅರ್ಧಕ್ಕರ್ಧ ಇಳಿಯುವುದುಂಟು.

ಪ್ರಶ್ನೆ: ಇಂಡಿಯಂ, ಗ್ಯಾಲಿಯಂ, ಜಿಂಕ್ ನೈಟ್ರೇಟ್‌ಗಳನ್ನು 2-ಮೆಥಾಕ್ಸಿಎಥನಾಲ್‌ನಲ್ಲಿ ಕರಗಿಸಿ ಸ್ಪಿನ್ ಮಾಡುತ್ತೇವೆ (ವೇಗವಾಗಿ ತಿರುಗಿಸಿ ಲೇಪಿಸುತ್ತೇವೆ). ವಿಧಾನ ಬದಲಿಸಿಲ್ಲ, ಆದರೂ ಹೊಸ ಬಾಟಲಿ ತೆರೆದಾಗಲೆಲ್ಲ ಥ್ರೆಶೋಲ್ಡ್ ಬದಲಾಗುತ್ತದೆ.

ಉತ್ತರ: ನೈಟ್ರೇಟ್ ಬಾಟಲಿಯ ಮೇಲೆ ‘ಹೈಡ್ರೇಟ್’ ಎಂದಿದ್ದು ನೀರಿನ ಅಣುಗಳ ಸಂಖ್ಯೆ ಇಲ್ಲದಿದ್ದರೆ ಸಂಶಯ ಪಡಬೇಕಾದ್ದು ಅಲ್ಲೇ. ನೀರಿಲ್ಲದ ಇಂಡಿಯಂ ನೈಟ್ರೇಟ್‌ನ ಮೋಲಾರ್ ತೂಕ 300.8 ಗ್ರಾಂ. ಐದು ನೀರಿನ ಅಣು ಸೇರಿದರೆ 390.9. 10 ಮಿ.ಲೀ. 0.1 ಮೋಲಾರ್ ದ್ರಾವಣಕ್ಕೆ ಮೊದಲನೆಯ ಲೆಕ್ಕದಲ್ಲಿ 301 ಮಿ.ಗ್ರಾಂ. ತೂಗಿದರೆ, ಐದು ನೀರಿರುವ ಉಪ್ಪಿನಲ್ಲಿ ಇಂಡಿಯಂ ಶೇ. 23ರಷ್ಟು ಕಡಿಮೆ ಬೀಳುತ್ತದೆ. ಗ್ಯಾಲಿಯಂ ನೈಟ್ರೇಟ್‌ಗೂ ಇದೇ ತೊಡಕು. ಚಾನೆಲ್‌ನ ಗುಣ ನಿಂತಿರುವುದೇ ಇಂಡಿಯಂ ಮತ್ತು ಗ್ಯಾಲಿಯಂ ಅನುಪಾತದ ಮೇಲೆ. ಇಂಡಿಯಂ ಹೆಚ್ಚಾದರೆ ಮೊಬಿಲಿಟಿ ಏರಿ ಥ್ರೆಶೋಲ್ಡ್ ಮೈನಸ್‌ಗೆ ಜಾರುತ್ತದೆ. ಗ್ಯಾಲಿಯಂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವುದರಿಂದ ಅದು ಹೆಚ್ಚಾದರೆ ಎಲೆಕ್ಟ್ರಾನ್ ಕಡಿಮೆಯಾಗಿ ಮೊಬಿಲಿಟಿಯೂ ಇಳಿಯುತ್ತದೆ. ಪ್ರತಿ ಹೊಸ ಬಾಟಲಿಯಿಂದ ಚಿಟಿಕೆಯಷ್ಟು ತೆಗೆದು ತೂಕ ತಿಳಿದ ಕ್ರೂಸಿಬಲ್‌ನಲ್ಲಿ ಆಕ್ಸೈಡ್ ಆಗುವ ತನಕ ಕಾಯಿಸಿ, ಉಳಿದ ತೂಕದಿಂದ ಹಿಂದಕ್ಕೆ ಲೆಕ್ಕ ಹಾಕಿ. ಬಾಟಲಿಯನ್ನು ಡೆಸಿಕೇಟರ್‌ನಲ್ಲಿಡಿ, ಏಕೆಂದರೆ ಈ ಉಪ್ಪುಗಳು ಗಾಳಿಯ ತೇವವನ್ನು ಹೀರುತ್ತವೆ.

ಉಳಿದದ್ದು ಶಿಸ್ತು. ದ್ರಾವಣವನ್ನು ರಾತ್ರಿಯಿಡೀ ಕಲಕಿ, 0.2 ಮೈಕ್ರಾನ್ ಸಿರಿಂಜ್ ಫಿಲ್ಟರ್‌ನಲ್ಲಿ ಸೋಸಿ. ತುಂಡನ್ನು ಅಸಿಟೋನ್, ಐಸೊಪ್ರೊಪನಾಲ್, ಡಿಅಯನೈಸ್ಡ್ ನೀರಿನಲ್ಲಿ ಹತ್ತು ಹತ್ತು ನಿಮಿಷ ಅಲ್ಟ್ರಾಸೋನಿಕ್ ಮಾಡಿ, 15 ನಿಮಿಷ ಯುವಿ-ಓಝೋನ್‌ಗೆ ಹಿಡಿಯಿರಿ. ಓಝೋನ್ ಆದ ಕೂಡಲೇ ಸ್ಪಿನ್ ಮಾಡಿ, ತಡವಾದರೆ ದ್ರಾವಣ ಸಮನಾಗಿ ಹರಡದೆ ಅಂಚಿನಲ್ಲಿ ಮಡುಗಟ್ಟುತ್ತದೆ. 3000 ಆರ್‌ಪಿಎಂನಲ್ಲಿ 30 ಸೆಕೆಂಡ್, 150 ಡಿಗ್ರಿಯಲ್ಲಿ 5 ನಿಮಿಷ, ಆಮೇಲೆ 350–400 ಡಿಗ್ರಿಯಲ್ಲಿ ಒಂದು ಗಂಟೆ. ದಪ್ಪ ಬೇಕೆಂದು ದ್ರಾವಣ ಗಟ್ಟಿ ಮಾಡಬೇಡಿ. ಒಂದೇ ದಪ್ಪ ಲೇಪದಿಂದ ಆವಿ ಹೊರಬರುವಾಗ ರಂಧ್ರಗಳಾಗುತ್ತವೆ. ತೆಳು ಲೇಪ ಹಾಕಿ, ಬೇಯಿಸಿ, ಅದರ ಮೇಲೆ ಇನ್ನೊಂದು ಹಾಕಿದರೆ ಮೊದಲ ಪದರದ ರಂಧ್ರಗಳೂ ಮುಚ್ಚುತ್ತವೆ.

ಪ್ಲಾಸ್ಟಿಕ್ ಮೇಲೆ ಮಾಡಬೇಕಾಗಿ 350 ಡಿಗ್ರಿ ಸಾಧ್ಯವಿಲ್ಲದಿದ್ದರೆ ದಹನ ವಿಧಾನ ಇದೆ. ನೈಟ್ರೇಟ್ ಆಕ್ಸಿಡೈಸರ್, ಅಸಿಟೈಲಸಿಟೋನ್ ಇಂಧನ. ಪದರದೊಳಗೇ ಬಿಡುಗಡೆಯಾಗುವ ಶಾಖದಿಂದ 200–300 ಡಿಗ್ರಿಯಲ್ಲೇ ಆಕ್ಸೈಡ್ ಆಗುತ್ತದೆ. ಈ ಮಿಶ್ರಣವನ್ನು ತೆಳು ಲೇಪವಾಗಿಯೇ ಬಿಸಿ ಮಾಡಬೇಕು. ಬೀಕರ್‌ನಲ್ಲಿ ಉಳಿದದ್ದನ್ನು ಹಾಟ್‌ಪ್ಲೇಟ್ ಮೇಲೆ ಒಣಗಿಸಲು ಇಟ್ಟರೆ ಬೆಂಕಿ ಹತ್ತುತ್ತದೆ. 2-ಮೆಥಾಕ್ಸಿಎಥನಾಲ್ ಸಂತಾನೋತ್ಪತ್ತಿಗೂ ಗರ್ಭದಲ್ಲಿರುವ ಮಗುವಿಗೂ ಹಾನಿಕರ, ಚರ್ಮದ ಮೂಲಕವೂ ಒಳಸೇರುತ್ತದೆ. ಫ್ಯೂಮ್‌ಹುಡ್ ಹೊರಗೆ ಸ್ಪಿನ್ ಮಾಡುವುದನ್ನು ಇಂದೇ ನಿಲ್ಲಿಸಿ. ಬರೀ ಇಂಡಿಯಂ ಆಕ್ಸೈಡ್ ಸಾಕೆನ್ನುವವರು ನೈಟ್ರೇಟನ್ನು ನೀರಿನಲ್ಲೇ ಕರಗಿಸಿ 250 ಡಿಗ್ರಿ ಸುತ್ತಮುತ್ತ ಒಳ್ಳೆಯ ಪದರ ಪಡೆಯಬಹುದು.

ಪ್ರಶ್ನೆ: ಮಾಲಿಬ್ಡಿನಂ ಎಲೆಕ್ಟ್ರೋಡ್ ಎಚ್ ಮಾಡುವಾಗ (ರಾಸಾಯನಿಕದಿಂದ ಕೊರೆದು ಆಕಾರ ಕೊಡುವಾಗ) ಕೆಳಗಿನ ಇಗ್ಜೋ ಕರಗಿಹೋಗುತ್ತದೆ. ಏನು ಮಾಡಲಿ?

ಉತ್ತರ: ಫಾಸ್ಫಾರಿಕ್-ಅಸಿಟಿಕ್-ನೈಟ್ರಿಕ್ ಮಿಶ್ರಣ ಬಳಸುತ್ತಿದ್ದರೆ ಹಾಗಾಗಲೇಬೇಕು. ಇಗ್ಜೋ ಆಮ್ಲಕ್ಕೆ ಸುಲಭದ ತುತ್ತು, ಅದನ್ನು ಪ್ಯಾಟರ್ನ್ ಮಾಡಲು ನೂರು ಪಾಲು ನೀರಿಗೆ ಒಂದು ಪಾಲು ಹೈಡ್ರೋಕ್ಲೋರಿಕ್ ಆಮ್ಲ ಸಾಕಾಗುತ್ತದೆ. ಸಣ್ಣ ಪ್ರಯೋಗಾಲಯಕ್ಕೆ ಲಿಫ್ಟ್-ಆಫ್ (ಬೇಡದ ಲೋಹವನ್ನು ಅದರಡಿಯ ರೆಸಿಸ್ಟ್ ಜೊತೆ ಎಬ್ಬಿಸಿ ತೆಗೆಯುವುದು) ಉತ್ತಮ. ಅದಾಗದಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಆಧಾರಿತ ಎಚೆಂಟ್ ಬಳಸಿ, ಅಥವಾ ಚಾನೆಲ್ ಮೇಲೆ ಸಿಲಿಕಾನ್ ಡೈಆಕ್ಸೈಡ್‌ನ ಎಚ್-ಸ್ಟಾಪರ್ ಇಡಿ. ಎಚ್-ಸ್ಟಾಪರ್‌ಗೆ ಒಂದು ಮಾಸ್ಕ್ ಹೆಚ್ಚು ಬೇಕು, ಆದರೆ ಚಾನೆಲ್‌ನ ಬೆನ್ನು ಕಾಯುತ್ತದೆ.

ಪ್ರಶ್ನೆ: ಪ್ಯಾಸಿವೇಶನ್ (ರಕ್ಷಣೆಯ ಹೊದಿಕೆ) ಇಲ್ಲದೆ ಟ್ರಾನ್ಸಿಸ್ಟರ್ ಚೆನ್ನಾಗಿತ್ತು. ಎಎಲ್‌ಡಿ (ಒಂದೊಂದೇ ಪರಮಾಣು ಪದರವಾಗಿ ಬೆಳೆಸುವ ವಿಧಾನ) ಅಲ್ಯೂಮಿನಾ ಹೊದಿಸಿದ ಮೇಲೆ ಥ್ರೆಶೋಲ್ಡ್ ಮೈನಸ್ 15 ವೋಲ್ಟ್‌ಗೆ ಇಳಿಯಿತು. ಹೊದಿಸದಿದ್ದರೆ ದಿನದಿನಕ್ಕೆ ಬದಲಾಗುತ್ತದೆ.

ಉತ್ತರ: ಎರಡೂ ಒಂದೇ ಕಥೆಯ ಎರಡು ಮಗ್ಗುಲು. ಗೇಟ್ ಕೆಳಗಿರುವ (ಬಾಟಮ್-ಗೇಟ್) ಟ್ರಾನ್ಸಿಸ್ಟರ್‌ನಲ್ಲಿ ಚಾನೆಲ್‌ನ ಹಿಂಬದಿ ಗಾಳಿಗೆ ತೆರೆದಿರುತ್ತದೆ. ಅಲ್ಲಿ ಕೂತ ಆಮ್ಲಜನಕದ ಅಣು ಎಲೆಕ್ಟ್ರಾನನ್ನು ಕಸಿದುಕೊಂಡು ಥ್ರೆಶೋಲ್ಡನ್ನು ಪ್ಲಸ್‌ಗೆ ಎಳೆಯುತ್ತದೆ, ನೀರು ಎಲೆಕ್ಟ್ರಾನ್ ಕೊಟ್ಟು ಮೈನಸ್‌ಗೆ ಎಳೆಯುತ್ತದೆ. ಹೊದಿಕೆ ಬೇಕೇ ಬೇಕು. ಆದರೆ ಎಎಲ್‌ಡಿಯ ಟ್ರೈಮಿಥೈಲ್ ಅಲ್ಯೂಮಿನಿಯಂ ಬಹಳ ಹಸಿದ ಅಣು. ಮೊದಲ ಕೆಲವು ಪಲ್ಸ್‌ಗಳಲ್ಲಿ ಅದು ಇಗ್ಜೋ ಮೇಲ್ಮೈಯ ಆಮ್ಲಜನಕವನ್ನೇ ಕಿತ್ತುಕೊಳ್ಳುತ್ತದೆ, ಮೇಲಾಗಿ ಜಲಜನಕವನ್ನೂ ಬಿಟ್ಟುಹೋಗುತ್ತದೆ. ಪ್ಲಾಸ್ಮಾ ಸಿವಿಡಿಯಲ್ಲಿ (ಅನಿಲಗಳಿಂದ ಪದರ ಬೆಳೆಸುವ ವಿಧಾನ) ಬಳಸುವ ಸಿಲೇನ್ ಅನಿಲದಿಂದಲೂ ಜಲಜನಕ ಬರುತ್ತದೆ, ಸಿಲಿಕಾನ್ ನೈಟ್ರೈಡ್‌ನಲ್ಲಿ ಅದು ಆಕ್ಸೈಡ್‌ಗಿಂತ ಬಹಳ ಹೆಚ್ಚು. ಇಗ್ಜೋಗೆ ನೇರವಾಗಿ ನೈಟ್ರೈಡ್ ತಾಗಿಸಬೇಡಿ.

ಈ ಕ್ರಮದಲ್ಲಿ ಪ್ರಯತ್ನಿಸಿ. ಹೊದಿಕೆಗೆ ಮುಂಚೆ ಅದೇ ಚೇಂಬರ್‌ನಲ್ಲಿ ನೈಟ್ರಸ್ ಆಕ್ಸೈಡ್ ಪ್ಲಾಸ್ಮಾ ಕೊಟ್ಟು ಹಿಂಬದಿಗೆ ಆಮ್ಲಜನಕ ತುಂಬಿಸಿ. ಸಮಯವನ್ನು 30 ಸೆಕೆಂಡ್‌ನಿಂದ ಶುರು ಮಾಡಿ ಹೆಚ್ಚಿಸಿ ನೋಡಿ. ಎಎಲ್‌ಡಿಯಲ್ಲಿ ನೀರಿನ ಬದಲು ಓಝೋನ್ ಬಳಸಿ. ಹೊದಿಸಿದ ಮೇಲೆ ಗಾಳಿಯಲ್ಲಿ 250–300 ಡಿಗ್ರಿಯಲ್ಲಿ ಮತ್ತೊಮ್ಮೆ ಒಂದು ಗಂಟೆ ಅನೀಲ್ ಮಾಡಿ. ಅಲ್ಯೂಮಿನಾ ದಪ್ಪವಾಗಿದ್ದರೆ ಅದು ಅನಿಲಗಳಿಗೆ ಗೋಡೆಯಾಗುವುದರಿಂದ ಅನೀಲಿಂಗ್‌ನ ಆಮ್ಲಜನಕ ಚಾನೆಲ್ ತಲುಪುವುದೇ ಇಲ್ಲ. ಮೊದಲು ತೆಳುವಾಗಿ ಹೊದಿಸಿ ಅನೀಲ್ ಮಾಡಿ, ಉಳಿದ ದಪ್ಪವನ್ನು ಆಮೇಲೆ ಸೇರಿಸಿ. ಇದ್ಯಾವ ಉಪಕರಣವೂ ಇಲ್ಲದವರಿಗೆ ಎಸ್‌ಯು-8 ಅಥವಾ ಪ್ಯಾರಲಿನ್ ಎಂಬ ಪಾಲಿಮರ್ ಹೊದಿಕೆ ಆಗಬಹುದು. ಅವು ತೇವವನ್ನು ಪೂರ್ತಿ ತಡೆಯುವುದಿಲ್ಲ, ಆದರೆ ಚಾನೆಲ್ ಕೆಡಿಸುವುದೂ ಕಡಿಮೆ.

ಪ್ರಶ್ನೆ: ಕತ್ತಲಲ್ಲಿ ಸ್ಥಿರವಾಗಿರುವ ಟ್ರಾನ್ಸಿಸ್ಟರ್ ಬೆಳಕು ಮತ್ತು ಮೈನಸ್ ಗೇಟ್ ಒಟ್ಟಿಗೆ ಬಿದ್ದಾಗ ಏಕೆ ಕೆಡುತ್ತದೆ? ಇಗ್ಜೋ ಪಾರದರ್ಶಕವಲ್ಲವೇ?

ಉತ್ತರ: ಕಣ್ಣಿಗೆ ಪಾರದರ್ಶಕ. ಬ್ಯಾಂಡ್‌ಗ್ಯಾಪ್ (ಬಂಧದಲ್ಲಿರುವ ಎಲೆಕ್ಟ್ರಾನನ್ನು ಬಿಡಿಸಲು ಬೇಕಾದ ಶಕ್ತಿ) 3 ಎಲೆಕ್ಟ್ರಾನ್‌ವೋಲ್ಟ್‌ಗಿಂತ ಹೆಚ್ಚಿದೆ. ಆದರೆ ವೇಲೆನ್ಸ್ ಬ್ಯಾಂಡ್‌ನ (ಎಲೆಕ್ಟ್ರಾನ್‌ಗಳು ತುಂಬಿರುವ ಶಕ್ತಿಮಟ್ಟಗಳ ಪಟ್ಟಿ) ಮೇಲಂಚಿನಲ್ಲಿ ದೋಷಸ್ಥಿತಿಗಳ ದಟ್ಟ ಗುಂಪೊಂದಿದೆ. ಅಲ್ಲಿಂದ ಎಲೆಕ್ಟ್ರಾನ್ ಎಬ್ಬಿಸಲು ಸುಮಾರು 2.3 ಎಲೆಕ್ಟ್ರಾನ್‌ವೋಲ್ಟ್ ಸಾಕು, ಅಂದರೆ ಹಸಿರು ಮತ್ತು ಅದರಿಂದ ನೀಲಿಯ ಕಡೆಗಿನ ಬೆಳಕು. ಆಮ್ಲಜನಕದ ಖಾಲಿ ಜಾಗ ಹೀಗೆ ಎಲೆಕ್ಟ್ರಾನ್ ಕಳೆದುಕೊಂಡು ಧನ ಚಾರ್ಜ್ ಪಡೆಯುತ್ತದೆ. ಮೈನಸ್ ಗೇಟ್ ಆ ಚಾರ್ಜನ್ನೂ ರಂಧ್ರಗಳನ್ನೂ (ಎಲೆಕ್ಟ್ರಾನ್ ಬಿಟ್ಟುಹೋದ, ಧನ ಚಾರ್ಜಿನಂತೆ ವರ್ತಿಸುವ ತೆರವುಗಳು) ಗೇಟ್ ಆಕ್ಸೈಡ್ ಬದಿಗೆ ಎಳೆದು ಕೂರಿಸುತ್ತದೆ. ಥ್ರೆಶೋಲ್ಡ್ ಮೈನಸ್‌ಗೆ ಸರಿಯುತ್ತದೆ, ದೀಪ ಆರಿಸಿದ ಮೇಲೂ ಬೇಗ ಹಿಂತಿರುಗುವುದಿಲ್ಲ. ಪರದೆಯ ಪಿಕ್ಸೆಲ್ ಟ್ರಾನ್ಸಿಸ್ಟರ್ ಹೆಚ್ಚಿನ ಹೊತ್ತು ಆಫ್ ಸ್ಥಿತಿಯಲ್ಲಿ, ಬೆಳಕಿನ ಎದುರಲ್ಲೇ ಕೂರುವುದರಿಂದ ಇದು ಗಂಭೀರ ಸಮಸ್ಯೆ. ಗೇಟ್ ಲೋಹ ಚಾನೆಲ್‌ಗಿಂತ ಅಗಲವಾಗಿರಲಿ, ಮೇಲಿನಿಂದಲೂ ಲೋಹದ ಮರೆ ಇರಲಿ. ಓಝೋನ್‌ನಲ್ಲಿ ಅಥವಾ ಹೆಚ್ಚು ಒತ್ತಡದ ಆಮ್ಲಜನಕದಲ್ಲಿ ಅನೀಲ್ ಮಾಡಿದರೆ ಖಾಲಿ ಜಾಗಗಳೇ ಕಡಿಮೆಯಾಗುತ್ತವೆ. ಪರೀಕ್ಷೆಗೆ ಗೇಟ್ ಮೈನಸ್ 20 ವೋಲ್ಟ್, 60 ಡಿಗ್ರಿ, 3600 ಸೆಕೆಂಡ್ ಎಂದು ಇಟ್ಟುಕೊಳ್ಳಿ. ಬೆಳಕಿನ ತರಂಗಾಂತರ ಮತ್ತು ತೀವ್ರತೆ ಬರೆಯದ ಫಲಿತಾಂಶವನ್ನು ಇನ್ನೊಂದರ ಜೊತೆ ಹೋಲಿಸಲಾಗದು.

ಪ್ರಶ್ನೆ: ಚಾನೆಲ್ ಉದ್ದ 50ರಿಂದ 5 ಮೈಕ್ರಾನ್‌ಗೆ ಇಳಿಸಿದಂತೆ ಮೊಬಿಲಿಟಿಯೂ ಇಳಿಯುತ್ತಿದೆ. ಅಲ್ಯೂಮಿನಿಯಂ ಎಲೆಕ್ಟ್ರೋಡ್ ಇದೆ.

ಉತ್ತರ: ಇಳಿಯುತ್ತಿರುವುದು ಮೊಬಿಲಿಟಿಯಲ್ಲ. ಕಾಂಟ್ಯಾಕ್ಟ್ ರೆಸಿಸ್ಟೆನ್ಸ್‌ನ ಪಾಲು ಏರುತ್ತಿದೆ. ಅಲ್ಯೂಮಿನಿಯಂ ಇಗ್ಜೋದಿಂದ ಆಮ್ಲಜನಕ ಎಳೆದುಕೊಂಡು ನಡುವೆ ತನ್ನದೇ ನಿರೋಧಕ ಆಕ್ಸೈಡ್ ಬೆಳೆಸುತ್ತದೆ. ಡ್ರೇನ್ ಕರೆಂಟ್ ಗೆರೆ ಸೊನ್ನೆಯ ಹತ್ತಿರ ನೇರವಾಗಿ ಏಳದೆ ಬಾಗಿ ಏಳುವುದು ಇದರ ಲಕ್ಷಣ. ಮಾಲಿಬ್ಡಿನಂ ಅಥವಾ ಐಟಿಒಗೆ (ಇಂಡಿಯಂ-ತವರ ಆಕ್ಸೈಡ್) ಬದಲಿಸಿ. ಟೈಟಾನಿಯಂ ಕೂಡ ಆಮ್ಲಜನಕ ಎಳೆಯುತ್ತದೆ, ಆದರೆ ಅದರಡಿಯ ಇಗ್ಜೋದಲ್ಲಿ ಎಲೆಕ್ಟ್ರಾನ್ ಹೆಚ್ಚಾಗಿ ಕಾಂಟ್ಯಾಕ್ಟ್ ಸುಧಾರಿಸುವುದುಂಟು. ಹೆಚ್ಚು ತಾಪದಲ್ಲಿ ಅನೀಲ್ ಮಾಡಿದರೆ ಆ ಲಾಭ ಕೈಬಿಡುತ್ತದೆ. 5, 10, 20, 50 ಮೈಕ್ರಾನ್ ಉದ್ದದ ಟ್ರಾನ್ಸಿಸ್ಟರ್‌ಗಳನ್ನು ಒಂದೇ ತುಂಡಿನಲ್ಲಿ ಮಾಡಿ, ಡ್ರೇನ್‌ಗೆ 0.1 ವೋಲ್ಟ್ ಕೊಟ್ಟು, ಒಟ್ಟು ರೆಸಿಸ್ಟೆನ್ಸನ್ನು ಉದ್ದದ ಎದುರು ಗೆರೆ ಎಳೆಯಿರಿ. ಉದ್ದ ಸೊನ್ನೆಯಾದಲ್ಲಿ ಉಳಿಯುವುದು ಎರಡು ಕಾಂಟ್ಯಾಕ್ಟ್‌ಗಳ ಮೊತ್ತ. ಗೇಟ್ ವೋಲ್ಟೇಜನ್ನು ಥ್ರೆಶೋಲ್ಡ್ ಕಳೆದು ಹೋಲಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಗೆರೆ ಮೈನಸ್ ರೆಸಿಸ್ಟೆನ್ಸ್ ಕೂಡ ತೋರಿಸೀತು.

ಪ್ರಶ್ನೆ: ಅಮಾರ್ಫಸ್ ಸಿಲಿಕಾನ್‌ನ ಮೊಬಿಲಿಟಿ 1 ದಾಟುವುದು ಕಷ್ಟ. ಅಷ್ಟೇ ಅಸ್ತವ್ಯಸ್ತವಾದ ಇಗ್ಜೋ 10 ಕೊಡುವುದು ಹೇಗೆ? ಇದೇ ರೀತಿ ಪಿ-ಟೈಪ್ (ರಂಧ್ರಗಳಿಂದ ಕರೆಂಟ್ ಹರಿಯುವುದು) ಮಾಡಲಾಗದೇ?

ಉತ್ತರ: ಎರಡೂ ಪ್ರಶ್ನೆಗೆ ಉತ್ತರ ಆರ್ಬಿಟಲ್‌ಗಳ ಆಕಾರದಲ್ಲಿದೆ. ಸಿಲಿಕಾನ್‌ನ ಬಂಧಗಳಿಗೆ ದಿಕ್ಕಿದೆ, ಕೋನ ತಪ್ಪಿದರೆ ದಾರಿ ತುಂಡಾಗುತ್ತದೆ. ಇಂಡಿಯಂನ 5ಎಸ್ ಆರ್ಬಿಟಲ್ ದೊಡ್ಡ ಚೆಂಡಿನಂತಿದ್ದು, ಪರಮಾಣುಗಳು ಹೇಗೆ ಕೂತರೂ ಪಕ್ಕದ್ದಕ್ಕೆ ತಾಗುತ್ತದೆ. ಜಪಾನಿನ ವಿಜ್ಞಾನಿ ಹಿಡಿಯೊ ಹೊಸೊನೊ ಅವರ ತಂಡ ಇದನ್ನೇ ನೆಚ್ಚಿ 2004ರಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ, ಕೋಣೆಯ ತಾಪದಲ್ಲಿ ಅಮಾರ್ಫಸ್ ಇಗ್ಜೋ ಟ್ರಾನ್ಸಿಸ್ಟರ್ ಮಾಡಿ ತೋರಿಸಿತು. ಆಗ ಬಂದ ಮೊಬಿಲಿಟಿ 6ರಿಂದ 9.

ರಂಧ್ರಗಳು ಓಡುವ ವೇಲೆನ್ಸ್ ಬ್ಯಾಂಡ್ ಮಾತ್ರ ಆಮ್ಲಜನಕದ 2ಪಿ ಆರ್ಬಿಟಲ್‌ಗಳದು. ಅವು ಚಿಕ್ಕವು, ದಿಕ್ಕುಳ್ಳವು, ಹಾಗಾಗಿ ರಂಧ್ರ ಇದ್ದಲ್ಲೇ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಸ್ವಲ್ಪ ಹೊರತಾಗಿರುವುದು ತವರದ ಮಾನಾಕ್ಸೈಡ್, ಅಲ್ಲಿ ತವರದ 5ಎಸ್ ಆರ್ಬಿಟಲ್ ವೇಲೆನ್ಸ್ ಬ್ಯಾಂಡ್‌ಗೆ ಬಂದು ಸೇರುತ್ತದೆ. ಮೊಬಿಲಿಟಿ 1ರ ಆಸುಪಾಸು ಸಿಗುತ್ತದೆ. ತವರದ ಲೋಹದ ಟಾರ್ಗೆಟ್‌ನಿಂದ ಸ್ಪಟರ್ ಮಾಡುವವರು ಆಮ್ಲಜನಕದ ಅಂಶವನ್ನು ಶೇ. 1ರಷ್ಟು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಬದಲಿಸಬೇಕು. ಕಡಿಮೆಯಾದರೆ ಲೋಹದ ತವರ ಉಳಿದು ಆಫ್ ಕರೆಂಟ್ ಏರುತ್ತದೆ, ಹೆಚ್ಚಾದರೆ ತವರದ ಡೈಆಕ್ಸೈಡ್ ಆಗಿ ಎನ್-ಟೈಪ್‌ಗೆ ತಿರುಗುತ್ತದೆ. ಅನೀಲಿಂಗ್ 200ರಿಂದ 250 ಡಿಗ್ರಿ ಒಳಗಿರಲಿ. ದಪ್ಪ 20 ನ್ಯಾನೋಮೀಟರ್ ಮೀರದಿರಲಿ, ಇಲ್ಲದಿದ್ದರೆ ಇದರಲ್ಲಿರುವಷ್ಟು ರಂಧ್ರಗಳನ್ನು ಗೇಟ್ ಖಾಲಿ ಮಾಡಲಾರದು. ಹೊದಿಕೆಯನ್ನು ಅನೀಲಿಂಗ್‌ಗೆ ಮೊದಲೇ ಹಾಕಿದರೆ ಗಾಳಿಯ ಆಮ್ಲಜನಕ ಒಳನುಗ್ಗಿ ಡೈಆಕ್ಸೈಡ್ ಮಾಡುವುದು ತಪ್ಪುತ್ತದೆ.